ಕಿವಿ ತಿರುವುವ ಕೆಲಸ

ಅಫಜಲಪುರದ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಮೂರು ಗೂಟಗಳಿದ್ದವು. ಮೊದಲನೆಯದರಲ್ಲಿ ಜೋಳ ಕೇರುವ ಮೊರ, ಎರಡನೆಯದರಲ್ಲಿ ಆಯಿಯ ಏಕತಾರಿ, ಮೂರನೆಯದರಲ್ಲಿ ಮಹಾಂತ ಕಾಕಾನ ಗಿಟಾರು. ಆಯಿ ಅಂದರೆ ಅಪ್ಪನ ತಾಯಿ. ಕಾಕಾ ಅಪ್ಪನ ಕಟ್ಟಕಡೆಯ ತಮ್ಮ. ಸೊಲ್ಲಾಪುರದಲ್ಲಿ ಕಾಲೇಜು ಓದುವಾಗ ಮದುವೆಗಳಲ್ಲಿ ಬಾರಿಸುವ ಆರ್ಕೆಸ್ಟ್ರಾದವರೊಬ್ಬರ ಹಳೆಯ ಗಿಟಾರು ಕೊಂಡು, ಅದಕ್ಕೊಂದು ಗೌಸು ಹೊಲಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಊರಿಗೆ ತಂದಿದ್ದ. ಮನೆಗೆ ಬಂದವರು ಜಮಖಾನೆಯ ಮೇಲೆ ಕೂತು ನೀರಿನ ತಂಬಿಗೆ ಕೈಗೆ ತಗೊಳ್ಳುವ ಮೊದಲೇ ಅವರ ಕಣ್ಣು ಮೂರನೆಯ ಗೂಟಕ್ಕೆ ಹೋಗುತ್ತಿತ್ತು.

“ಇದೇನ್ರಿ ಆಯಿ, ಸಿತಾರೇನ್ರಿ?”

“ಅಕಿ ನಮ್ಮ ಸಣ್ಣ ಸೊಸಿ. ಮಹಾಂತ ಸೊಲ್ಲಾಪುರದಿಂದ ತಂದಾನ. ರೊಟ್ಟಿ ಬಡಿಯಂಗಿಲ್ಲ, ಕಸ ಹೊಡಿಯಂಗಿಲ್ಲ, ಬರೇ ಒದರ್ತಾಳ.”

ಆಯಿ ಹೀಗೆ ಹೇಳುವಾಗ ಮುಖದಲ್ಲಿ ನಗೆಯ ಸುಳಿವೂ ಇರುತ್ತಿರಲಿಲ್ಲ. ಬಂದವರು ನಗಬೇಕೋ ಬೇಡವೋ ತಿಳಿಯದೆ ನೀರು ಕುಡಿಯುತ್ತಿದ್ದರು. ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ವಚನ ಹಾಡುವ ಪದ್ಧತಿ. ಆಯಿ ಏಕತಾರಿ ಮೀಟುತ್ತಿದ್ದಳು, ಅವ್ವ ತಾಳ ಹಾಕುತ್ತಿದ್ದಳು, ಅಪ್ಪ ಕಣ್ಣು ಮುಚ್ಚಿಕೊಂಡು ಶ್ರುತಿ ಬಿಟ್ಟು ಹಾಡುತ್ತಿದ್ದ. ಕಾಕಾ ಗಿಟಾರು ಹಿಡಿದು ಮೂಲೆಯಲ್ಲಿ ಕೂತು, ಆಯಿಯ ಒಂದು ತಂತಿಗೆ ತನ್ನ ಆರು ತಂತಿಗಳನ್ನು ಹೊಂದಿಸುತ್ತಿದ್ದ. ಹಾಡು ಮುಗಿದ ಮೇಲೆ ಪ್ರತಿ ವಾರವೂ ಆಯಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

“ಶಿವನ್ನ ನೆನಿಲಾಕ ನನಗ ಒಂದು ತಾರು ಸಾಕಾಗ್ತದ. ನಿನಗ ಆರು ಯಾಕ ಬೇಕಲೇ?”

“ನಿನ್ನ ಭಕ್ತಿ ಗಟ್ಟಿ ಅದ ಆಯಿ. ನಂದು ಸಡ್ಲ ಅದ.”

ನನಗೆ ಆಗ ಒಂಬತ್ತು ತುಂಬಿ ಹತ್ತು ನಡೆಯುತ್ತಿತ್ತು. ಯಾವ ವಸ್ತು ಕೈಗೆ ಸಿಕ್ಕರೂ ಅದರ ಒಳಗೇನಿದೆ ಎಂದು ನೋಡದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಅಪ್ಪನ ಅಲಾರಾಂ ಗಡಿಯಾರ ಬಿಚ್ಚಿ ಮತ್ತೆ ಕೂಡಿಸಿದ್ದೆ. ಒಂದು ಸ್ಕ್ರೂ ಉಳಿದುಹೋಗಿತ್ತು, ಆದರೂ ಗಡಿಯಾರ ನಡೆಯುತ್ತಿತ್ತು, ಅಲಾರಾಂ ಮಾತ್ರ ತನಗೆ ತಿಳಿದಾಗ ಹೊಡೆಯುತ್ತಿತ್ತು. ಈಕೆಯ ಕೈಯಲ್ಲಿ ಕೊಟ್ಟ ವಸ್ತು ಇದ್ದ ಹಾಗೆ ತಿರುಗಿ ಬರುವುದಿಲ್ಲ ಎಂದು ಅವ್ವ ಮಿಕ್ಸಿಯಿಲ್ಲದ ಆ ಕಾಲದಲ್ಲಿ ಸ್ಟೋವನ್ನೂ ಹೊಲಿಗೆ ಯಂತ್ರವನ್ನೂ ನನ್ನಿಂದ ಕಾಪಾಡಿಕೊಂಡು ಬಂದಿದ್ದಳು. ಅಂಥ ನನ್ನ ಕೈಗೆ ಇಡೀ ಮನೆಯಲ್ಲಿ ಒಂದೇ ಒಂದು ಯಂತ್ರವನ್ನು, ಅಂದರೆ ಗಿಟಾರನ್ನು, ತಾನಾಗಿ ಕೊಟ್ಟವನು ಕಾಕಾ. ಕೊಡದೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ.

ಕಾಕಾನ ಎಡಗೈಗೆ ಹೆಬ್ಬೆರಳಿರಲಿಲ್ಲ. ಸೊಲ್ಲಾಪುರದಿಂದ ಬಂದ ವರ್ಷವೇ, ಆಯಿಯ ತವರಾದ ಭೂಸನೂರಿನಲ್ಲಿ ಬೆಲ್ಲದ ಗಾಣಕ್ಕೆ ಕಬ್ಬು ಕೊಡುವಾಗ ಕೈ ಒಳಗೆ ಹೋಗಿಬಿಟ್ಟಿತ್ತು. ಯಾರೋ ಎತ್ತುಗಳನ್ನು ಹಿಡಿದು ನಿಲ್ಲಿಸಿದ್ದರಿಂದ ಉಳಿದ ನಾಲ್ಕು ಬೆರಳು ಉಳಿದವು. ಗಾಯ ಮಾಯ್ದ ಮೇಲೆ ಅವನು ಮೊದಲು ಮಾಡಿದ ಕೆಲಸ ಗಿಟಾರನ್ನು ಗೌಸಿನಿಂದ ತೆಗೆದದ್ದು. ತಂತಿ ಒತ್ತಲು ನಾಲ್ಕು ಬೆರಳು ಸಾಕು, ಹೆಬ್ಬೆರಳು ಹಿಂದೆ ಸುಮ್ಮನೆ ಕೂತಿರುತ್ತದೆ ಎಂದು ಎಲ್ಲರೊಂದಿಗೂ ವಾದ ಮಾಡುತ್ತಿದ್ದ. ಗಿಟಾರಿನ ಕುತ್ತಿಗೆಯನ್ನು ಅಂಗೈಯ ಬುಡಕ್ಕೆ ಆನಿಸಿಕೊಂಡು ತಿಂಗಳುಗಟ್ಟಲೆ ತಿಣುಕಿ ಬಾರಿಸುವುದನ್ನು ಮತ್ತೆ ಕಲಿತ. ಆದರೆ ಒಂದು ಕೆಲಸ ಮಾತ್ರ ಅವನಿಂದ ಆಗಲಿಲ್ಲ. ತಂತಿ ಹರಿದರೆ ಹೊಸದನ್ನು ಹಾಕುವುದು.

ತಂತಿಯ ಬುಡದ ಗುಂಡನ್ನು ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೇಲಿನ ಸಣ್ಣ ಕಂಬದ ತೂತಿನಲ್ಲಿ ಪೋಣಿಸಿ, ಒಂದು ಕೈಯಲ್ಲಿ ತಂತಿಯನ್ನು ಜಗ್ಗಿ ಹಿಡಿದು, ಇನ್ನೊಂದು ಕೈಯಲ್ಲಿ ತಿರುಗಣೆಯನ್ನು ತಿರುವುತ್ತಲೇ ಇರಬೇಕು. ಆ ತಿರುಗಣೆಗಳಿಗೆ ನಮ್ಮ ಮನೆಯಲ್ಲಿ ಕಿವಿ ಎಂದೇ ಹೆಸರು. ಜಗ್ಗಿ ಹಿಡಿದ ಕೈ ಸಡಿಲಾದರೆ ತಂತಿ ಸುರುಳಿ ಬಿಚ್ಚಿ ಎದ್ದುಬಿಡುತ್ತದೆ. ಬಲಗೈ ಜಗ್ಗಿ ಹಿಡಿದರೆ ಹೆಬ್ಬೆರಳಿಲ್ಲದ ಎಡಗೈಗೆ ಕಿವಿ ಹಿಂಡಲು ಬರುವುದಿಲ್ಲ; ಬಲಗೈ ಕಿವಿ ಹಿಂಡಿದರೆ ಎಡಗೈಗೆ ತಂತಿ ನಿಲ್ಲುವುದಿಲ್ಲ. ಹಾಗಾಗಿ ಕಾಕಾ ಜಗ್ಗಿ ಹಿಡಿಯುವವನು, ನಾನು ಕಿವಿ ತಿರುವುವವಳು ಎಂದಾಯಿತು. ಕಂಬ ಒಂದು ಸುತ್ತು ಬರಬೇಕಾದರೆ ಕಿವಿ ಹದಿನಾಲ್ಕು ಸುತ್ತು ತಿರುಗಬೇಕು ಎಂದು ಎಣಿಸಿ ಕಂಡುಹಿಡಿದವಳು ನಾನೇ. ಕಂಬಕ್ಕೆ ಮೂರು ಸುತ್ತು ತಂತಿ ಬೇಕು, ಅಂದರೆ ನಲವತ್ತೆರಡು. ನನ್ನ ಬೆರಳಿಗೆ ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ ಬರುತ್ತಿತ್ತು, ಅಂದರೆ ಎಂಬತ್ತನಾಲ್ಕು ಸಲ ಹಿಂಡಬೇಕು. ಹಿಂಡಿ ಹಿಂಡಿ ತೋರುಬೆರಳಿನ ಬದಿಯಲ್ಲಿ ಗಡಸು ಬಿದ್ದಿತ್ತು. ಶಾಲೆಯಲ್ಲಿ ಅದನ್ನು ಎಲ್ಲರಿಗೂ ಮುಟ್ಟಿಸಿ ತೋರಿಸುತ್ತಿದ್ದೆ.

ಇಬ್ಬರು ಕೂಡಿ ದಾರ ಹೊಸೆಯುವುದು ನಮ್ಮ ಮನೆಗೆ ಹೊಸದೇನೂ ಆಗಿರಲಿಲ್ಲ. ಇಷ್ಟಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ಶಿವದಾರವನ್ನು ನಾವು ಅಂಗಡಿಯಿಂದ ತರುತ್ತಿರಲಿಲ್ಲ. ಮನೆಮಂದಿಗೆಲ್ಲ ಆಯಿಯೇ ಹೊಸೆಯುತ್ತಿದ್ದಳು. ಒಬ್ಬರು, ಹೆಚ್ಚಾಗಿ ನಾನೇ, ಎಳೆಗಳ ತುದಿ ಹಿಡಿದು ಕೂರಬೇಕು, ಆಯಿ ಇನ್ನೊಂದು ತುದಿಯಿಂದ ಬಲಕ್ಕೆ ಹೊಸೆಯುತ್ತ ಬರುತ್ತಿದ್ದಳು. ನಡುವೆ ಮಾತಾಡಬಾರದು. ಎಡಕ್ಕೆ ಹೊಸೆಯಬಾರದು. ಗಿಟಾರಿಗೆ ನಾನು ಮೊದಲ ಸಲ ತಂತಿ ಸುತ್ತಿದಾಗ ಆಯಿ ಕನ್ನಡಕ ಹಾಕಿಕೊಂಡು ಎದುರಿಗೇ ಕೂತಿದ್ದಳು.

“ಬಲಕ್ಕ ಸುತ್ತಬೇಕವ್ವಿ. ಗುಡಿ ಸುತ್ತ ಹ್ಯಾಂಗ ತಿರುಗ್ತೇವಿ, ಹಂಗ. ಆರೂ ಕಂಬಕ್ಕ ಬಲಕ್ಕ.”

ಆರೂ ಕಂಬಗಳಿಗೆ ಬಲಕ್ಕೇ ಸುತ್ತಿದೆ. ಕಾಕಾನೂ ಅದನ್ನು ಬೇಡವೆನ್ನಲಿಲ್ಲ. ಸೊಲ್ಲಾಪುರದಲ್ಲಿ ಅವನು ತಂತಿ ಬಾರಿಸುವುದನ್ನು ಕಲಿತಿದ್ದನೇ ಹೊರತು ಹಾಕುವುದನ್ನಲ್ಲ; ಅಲ್ಲಿ ಆ ಕೆಲಸವನ್ನು ಅಂಗಡಿಯವರು ಮಾಡುತ್ತಿದ್ದರು. ನಮ್ಮಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಕೂದಲಿನಂಥ ಸಪೂರ ತಂತಿಗಳು ಹರಿಯುತ್ತಿರಲಿಲ್ಲ; ತಾಮ್ರದ ಬಣ್ಣದ ಸುರುಳಿ ಸುತ್ತಿದ ಮೂರು ದಪ್ಪ ತಂತಿಗಳು ಎರಡೆರಡು ತಿಂಗಳಿಗೆ ಹರಿಯುತ್ತಿದ್ದವು. ಹರಿದರೆ ಸೊಲ್ಲಾಪುರದಿಂದ ತರಿಸಬೇಕು. ಬಡವ ಉಳಿಯುತ್ತಾನೆ, ಪೈಲ್ವಾನ ಸಾಯುತ್ತಾನೆ, ಇದು ಹೇಗೆ ಎಂದು ನಾನು ಕಾಕಾನನ್ನು ಪೀಡಿಸುತ್ತಿದ್ದೆ. ಅವನಿಗೂ ಗೊತ್ತಿರಲಿಲ್ಲ. ಒಳಗೊಳಗೆ ನನಗೆ ಅದರಿಂದ ಬೇಸರವೂ ಇರಲಿಲ್ಲ. ತಂತಿ ಹರಿದಷ್ಟೂ ನನಗೆ ಕೆಲಸ. ಪಡಸಾಲೆಯ ಬೆಳಕಿನಲ್ಲಿ ಅವನ ಎದುರಿಗೆ ಕೂತು, ಅವನು “ಇನ್ನೊಂದೀಟು, ಇನ್ನೊಂದೀಟು, ಹಾಂ ಸಾಕು” ಎನ್ನುವವರೆಗೆ ತಿರುವುತ್ತ ಇರುವುದು, ಆ ಹೊತ್ತಿನಲ್ಲಿ ಅವ್ವ ಕರೆದರೂ ಕಾಕಾ “ಅಕಿ ಕೆಲಸದಾಗ ಅದಾಳ್ರಿ ವೈನಿ” ಎಂದು ಹೇಳುವುದು, ಇದಕ್ಕಿಂತ ದೊಡ್ಡ ಗೌರವ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಒಂದು ಬೇಸಿಗೆಯ ಕೊನೆಗೆ ಕಾಕಾನಿಗೆ ಜೇವರ್ಗಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಅವ್ವ ಹೂರಣದ ಹೋಳಿಗೆ ಮಾಡಿದಳು. ಬಸ್ಸು ಗುಲಬರ್ಗಾದಲ್ಲಿ ಬದಲಿಸಬೇಕು, ಜೇವರ್ಗಿಯಲ್ಲಿ ಬಾಡಿಗೆಯ ಒಂದು ಕೋಣೆ ನೋಡಿದ್ದಾಗಿದೆ, ರೊಟ್ಟಿಗೆ ಪಕ್ಕದ ಮನೆಯವರು ಒಪ್ಪಿದ್ದಾರೆ ಎಂದೆಲ್ಲ ಊಟದಲ್ಲಿ ಮಾತಾಯಿತು. ತುಪ್ಪ ಬಡಿಸುತ್ತ ಆಯಿ ಕೇಳಿದಳು.

“ಸಣ್ಣ ಸೊಸಿನ್ನ ಕರಕೊಂಡು ಹೋಗ್ತಿಯೇನು?”

“ಇಲ್ಲ ಆಯಿ. ಇಲ್ಲೇ ಇರ್ಲಿ.”

“ಯಾಕಲೇ?”

“ಅಲ್ಲಿ ತಾರು ಹರದ್ರ ಯಾರ ಹೆಬ್ಬಟ್ಟು ಕೇಳ್ಲಿ? ಮಂದಿ ಮನಿ ಬಾಗಲಾ ಬಡದು, ಜರಾ ಬಂದು ಕಿವಿ ತಿರುವಿ ಕೊಡ್ರಿ ಅನ್ಲೇನು? ಹೊಸಾ ಮಾಸ್ತರ್ ಹುಚ್ಚದಾನ ಅಂತಾರ.”

ಎಲ್ಲರೂ ನಕ್ಕರು. ಕಾಕಾನೂ ನಕ್ಕ, ಆದರೆ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದ. ನನಗೆ ಸಂತೋಷವಾಯಿತು. ಈಗ ಮುಚ್ಚಿಟ್ಟು ಏನಾಗಬೇಕಿದೆ, ನಿಜವಾಗಿಯೂ ಸಂತೋಷವಾಯಿತು. ಗಿಟಾರು ಮೂರನೆಯ ಗೂಟದಲ್ಲೇ ಇರುತ್ತದೆ. ಅದಕ್ಕಾಗಿ ಕಾಕಾ ರಜೆ ಸಿಕ್ಕಾಗಲೆಲ್ಲ ಓಡಿ ಬರುತ್ತಾನೆ. ಬಂದಾಗ ನಾನು ಬೇಕಾಗುತ್ತೇನೆ.

ಆ ವಾರವೇ ಅವ್ವ ಕೈಯಿಂದ ತಿರುವುವ ಹೊಲಿಗೆ ಯಂತ್ರದಲ್ಲಿ ಕಾಕಾನಿಗೆ ದಿಂಬಿನ ಗೌಸು ಹೊಲಿಯುತ್ತ ಕೂತಿದ್ದಳು. ನಾನು ಬದಿಯಲ್ಲಿ ಕೂತು ಹಿಡಿಕೆಯನ್ನೇ ನೋಡುತ್ತಿದ್ದೆ. ಚಕ್ರವನ್ನು ಬೆರಳಿನಿಂದ ಹಿಂಡಿ ತಿರುವಿದರೆ ಎಷ್ಟು ಕಷ್ಟ, ಅದಕ್ಕೇ ಒಂದು ಅಡ್ಡ ಹಿಡಿಕೆ ಇದ್ದರೆ ಎಷ್ಟು ಸಲೀಸು. ಬೀಸುವ ಕಲ್ಲಿಗೂ ಹಾಗೆಯೇ ಗೂಟವಿದೆ. ಹಾಗಾದರೆ ಗಿಟಾರಿನ ಕಿವಿಗೆ ಯಾಕಿಲ್ಲ? ಈ ಪ್ರಶ್ನೆ ತಲೆಗೆ ಬಂದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಹೊಲಿಗೆಯ ದಾರ ಸುತ್ತಿ ಬರುತ್ತಿದ್ದ, ದಾರ ಮುಗಿದ ಕಟ್ಟಿಗೆಯ ಉಂಡೆಯೊಂದನ್ನು ತಗೊಂಡೆ. ಒಲೆಯಲ್ಲಿ ಕಬ್ಬಿಣದ ಕಡ್ಡಿ ಕೆಂಪಗೆ ಕಾಯಿಸಿ, ಉಂಡೆಯ ಒಂದು ಮುಖದಲ್ಲಿ ಕಿವಿ ಒಳಗೆ ಕೂರುವಷ್ಟು ಉದ್ದನೆಯ ಕುಳಿ ಸುಟ್ಟೆ. ಮುರಿದ ಬಕೆಟ್ಟಿನ ಹಿಡಿಕೆಯ ದಪ್ಪ ತಂತಿಯನ್ನು ಬಾಗಿಲ ಸಂದಿನಲ್ಲಿ ಸಿಕ್ಕಿಸಿ ಎರಡು ಕಡೆ ಬಗ್ಗಿಸಿ, ಉಂಡೆಯ ಇನ್ನೊಂದು ಮುಖದ ತೂತಿಗೆ ತುರುಕಿ, ಅಲುಗಾಡದಂತೆ ಸುತ್ತಲೂ ಚಕ್ಕೆ ಬಡಿದೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಗಿಟಾರನ್ನು ಇಳಿಸಿ, ಒಂದು ತಂತಿಯನ್ನು ಪೂರ್ತಿ ಸಡಿಲಿಸಿ, ಕಿವಿಗೆ ಆ ಉಂಡೆಯನ್ನು ತೊಡಿಸಿ ತಿರುವಿದೆ. ಗರಗರ ತಿರುಗಿತು. ಎಂಬತ್ತನಾಲ್ಕು ಸಲ ಹಿಂಡಬೇಕಾದ್ದು ನಲವತ್ತೆರಡು ಸುತ್ತಿನಲ್ಲಿ, ಒಂದು ನಿಮಿಷವೂ ಹಿಡಿಯದೆ ಮುಗಿದುಹೋಯಿತು.

ನನ್ನ ಜೀವನದಲ್ಲಿ ನಾನೇ ಮಾಡಿದ ಮೊದಲ ಯಂತ್ರ ಅದು. ಕುಣಿಯಬೇಕು ಎನ್ನಿಸಿತು. ಎದ್ದು ನಿಂತವಳು ಹಾಗೆಯೇ ನಿಂತೆ. ಇದನ್ನು ತಿರುವಲು ಹೆಬ್ಬೆರಳು ಬೇಕಾಗಿರಲಿಲ್ಲ. ಅಂಗೈಯಿಂದ ದೂಡಿದರೂ ಸಾಕಿತ್ತು. ಇದು ಕಾಕಾನ ಕೈಗೆ ಸಿಕ್ಕರೆ ಅವನು ಬಲಗೈಯಲ್ಲಿ ತಂತಿ ಜಗ್ಗಿ, ಎಡಗೈಯಲ್ಲಿ ಇದನ್ನು ದೂಡಿ, ಜೇವರ್ಗಿಯ ಕೋಣೆಯಲ್ಲಿ ಒಬ್ಬನೇ ಕೂತು ತಂತಿ ಹಾಕಿಕೊಳ್ಳುತ್ತಾನೆ. ಗೂಟ ಖಾಲಿಯಾಗುತ್ತದೆ. ನನ್ನ ಬೆರಳ ಗಡಸೂ ಹೋಗುತ್ತದೆ. ಗಿಟಾರನ್ನು ಇದ್ದಲ್ಲಿ ತೂಗುಹಾಕಿ, ಅಡಿಗೆಮನೆಗೆ ಹೋಗಿ, ಜೋಳ ತುಂಬಿದ ಮಣ್ಣಿನ ಹರವಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಆ ಯಂತ್ರವನ್ನು ಹುಗಿದುಬಿಟ್ಟೆ.

ಜೋಳದ ಹರವಿಯಲ್ಲಿ ಬಚ್ಚಿಟ್ಟದ್ದು ಎಷ್ಟು ದಿನ ಉಳಿಯುತ್ತದೆ? ದಿನಕ್ಕೆ ಮೂವತ್ತು ರೊಟ್ಟಿ ಬಡಿಯುವ ಮನೆ ನಮ್ಮದು. ಮೂರನೆಯ ದಿನ ಆಯಿ ಬೀಸಲು ಕೊಡುವ ಜೋಳ ಕೇರುತ್ತಿದ್ದಾಗ ಅದು ಮೊರದ ಮೇಲೆ ಬಂದು ಬಿತ್ತು. ಆಯಿ ಅದನ್ನು ಕೂಗಿ ಯಾರಿಗೂ ತೋರಿಸಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು, ನನ್ನನ್ನು ತನ್ನ ಪೂಜೆಯ ಕೋಣೆಗೆ ಕರೆದಳು. ಅವತ್ತು ಅವಳು ಕಾಕಾನಿಗಾಗಿ ಹೊಸ ಶಿವದಾರಕ್ಕೆ ಎಳೆಗಳನ್ನು ಅಳೆದು ಇಟ್ಟಿದ್ದಳು.

“ಏನಿದು?”

ನಾನು ಹೇಳಿದೆ. ಹೇಗೆ ತಿರುಗುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಎಲ್ಲ ಹೇಳಿದೆ. ಯಂತ್ರದ ಮಾತು ಬಂದರೆ ನನಗೆ ತಡೆಯಲು ಆಗುತ್ತಿರಲಿಲ್ಲ.

“ಚಲೋ ಮಾಡೀದಿ. ಮತ್ತ ಹರವ್ಯಾಗ ಯಾಕ ಹುಗದಿ?”

ನಾನು ಬೆರಳ ಬದಿಯ ಗಡಸನ್ನು ಉಗುರಿನಿಂದ ಕೆರೆದೆ. ಆಯಿ ಮತ್ತೆ ಕೇಳಲಿಲ್ಲ. ಎಳೆಗಳನ್ನು ಕೈಗೆ ತಗೊಂಡಳು. ತುದಿ ಹಿಡಿಯಲು ನಾನು ಕೈ ಚಾಚಿದೆ. ಆಯಿ ಕೊಡಲಿಲ್ಲ. ಸೀರೆಯ ನಿರಿಗೆ ಸರಿಸಿ, ಕಾಲು ಚಾಚಿ, ಎಳೆಗಳ ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡಳು. ಎರಡೂ ಕೈಯಿಂದ ಬಲಕ್ಕೆ ಹೊಸೆಯುತ್ತ ಹೋದಳು. ದಾರ ಬಿಗಿಯಾದಂತೆಲ್ಲ ಹೆಬ್ಬೆರಳ ತುದಿ ಬೆಳ್ಳಗಾಯಿತು. ಹೊಸೆಯುವಾಗ ಮಾತಾಡಬಾರದು ಎಂಬ ತನ್ನದೇ ಕಟ್ಟಳೆಯನ್ನು ಅವತ್ತು ಅವಳೇ ಮುರಿದಳು.

“ನಿಮ್ಮ ಮುತ್ಯಾ ತುದಿ ಹಿಡೀತಿದ್ದ. ಆತ ಹೋದ ಮ್ಯಾಲ ವರ್ಷಗಟ್ಟಲೆ ಹಿಂಗೇ ಹೊಸದೇನಿ. ನಿಮ್ಮಪ್ಪ ಹೊಲದಾಗ, ಮಹಾಂತ ತೊಟ್ಟಿಲದಾಗ. ಯಾರನ್ನ ಕರೀಲಿ? ಒಬ್ಬರೇ ಇರೋರಿಗಿ ಒಂದು ಉಪಾಯ ಬೇಕಾಗ್ತದ ತಂಗಿ.”

“ಮತ್ತ ಪ್ರತಿ ಸಲ ನನಗ್ಯಾಕ ಹಿಡಿಲಾಕ ಹೇಳ್ತಿ?”

“ನೀ ಬಾಜೂಕ ಕೂತ್ರ ನನಗ ಚಲೋ ಅನಸ್ತದ, ಅದಕ್ಕ.”

ಆಯಿ ಗಂಟು ಬಿಚ್ಚಿದಳು. ಬೆರಳಿನ ಸುತ್ತ ಕೆಂಪು ಗೆರೆ ಮೂಡಿತ್ತು. ಹೊಸ ಶಿವದಾರವನ್ನು ವಿಭೂತಿಯ ಬಟ್ಟಲಿನ ಪಕ್ಕ ಇಟ್ಟು, ಯಂತ್ರವನ್ನು ನನ್ನ ಕೈಗೆ ಕೊಟ್ಟು, ಉಳಿದ ಜೋಳ ಕೇರಲು ಎದ್ದು ಹೋದಳು. ಕೊಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನನಗೆ ಆ ಕೋಣೆಯಲ್ಲಿ ಅಳು ಬಂತು. ಅತ್ತು ಮುಗಿದ ಮೇಲೆ ಯಂತ್ರವನ್ನು ತಿರುಗಿಸಿ ನೋಡಿದೆ. ಅದರ ಹಿಡಿಕೆ ನನ್ನ ಬೆರಳುಗಳಿಗೆ ಮಾಡಿದ್ದು, ಬರೀ ತಂತಿ. ಕಾಕಾನ ಅಂಗೈಗೆ ಅದು ಜಾರುತ್ತದೆ. ದುಂಡಗಿನದೇನಾದರೂ ಬೇಕು. ನನ್ನ ಬಳಿ ಮಣ್ಣೂರಿನ ಸೋದರಮಾವ ಕೊಡಿಸಿದ ಕೆಂಪು ಬಣ್ಣದ ಬುಗುರಿ ಇತ್ತು. ಅದರ ಮೊಳೆ ಕಿತ್ತು, ಆ ತೂತಿಗೆ ತಂತಿಯ ತುದಿ ಸಿಕ್ಕಿಸಿದೆ. ಬುಗುರಿಯ ದುಂಡು ತಲೆ ನನ್ನ ಅಂಗೈಗೆ ದೊಡ್ಡದಾಯಿತು. ಕಾಕಾನದಕ್ಕೆ ಸರಿಹೋಗುತ್ತದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದಾಗ ಅದನ್ನು ಕಾಕಾನ ಕೈಗೆ ಕೊಟ್ಟೆ. ಕಾಕಾ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸವೆದಿದ್ದ ಒಂದು ದಪ್ಪ ತಂತಿ ತೆಗೆದು ಹೊಸದು ಪೋಣಿಸಿದ. ಬಲಗೈಯಲ್ಲಿ ತಂತಿ ಜಗ್ಗಿ ಹಿಡಿದ. ಎಡ ಅಂಗೈಯನ್ನು ಬುಗುರಿಯ ಮೇಲಿಟ್ಟು ದೂಡಿದ. ನನ್ನ ಕೈಗಳು ತಾವಾಗಿ ಮುಂದೆ ಹೋದವು. ಅವನ್ನು ಲಂಗದ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಕೂತೆ. ಆಗಲೇ ಆಯಿ ಎಚ್ಚರಿಸಿದಳು.

“ಎಡಕ್ಕ ಸುತ್ತಾಕತ್ತಾನ ನೋಡು. ಏ ಮಹಾಂತ, ಬಲಕ್ಕ ತಿರುವು.”

“ಬಲಕ್ಕ ಬರವಲ್ದು ಆಯಿ. ಮುಂದ ದೂಡಾಕ ಬರ್ತದ, ಹಿಂದ ಜಗ್ಗಾಕ ಹೆಬ್ಬಟ್ಟು ಬೇಕು.”

ನಾನು ಬಗ್ಗಿ ನೋಡಿದೆ. ಎಡಕ್ಕೆ ಸುತ್ತಿದ ಆ ತಂತಿ ಕಂಬದ ಒಳಮಗ್ಗುಲಿನಿಂದ ಇಳಿದು, ಗಿಟಾರಿನ ಕುತ್ತಿಗೆಯ ಕಚ್ಚಿನೊಳಗೆ ನೆಟ್ಟಗೆ ಕೂತಿತ್ತು. ನಾನು ಹಿಂದೆ ಬಲಕ್ಕೆ ಸುತ್ತಿದ್ದ ಪಕ್ಕದ ಎರಡು ದಪ್ಪ ತಂತಿಗಳು ಕಂಬದ ಹೊರಮಗ್ಗುಲಿನಿಂದ ಇಳಿದು, ಸೊಟ್ಟಗೆ ಬಾಗಿ, ಕಚ್ಚಿನ ಅಂಚಿಗೆ ಉಜ್ಜುತ್ತಿದ್ದವು. ಉಜ್ಜಿದಲ್ಲಿ ತಾಮ್ರದ ಸುರುಳಿ ಬಿಚ್ಚಿಕೊಂಡಿತ್ತು. ಕಂಬಗಳಿದ್ದದ್ದು ಆಚೆ ಮೂರು, ಈಚೆ ಮೂರು; ಆಚೆ ಮಗ್ಗುಲಿನ ಸಪೂರ ತಂತಿಗಳಿಗೆ ಬಲವೇ ಒಳಗು, ಈಚೆಯ ದಪ್ಪ ತಂತಿಗಳಿಗೆ ಎಡವೇ ಒಳಗು. ಎರಡು ವರ್ಷ ನಾವು ಆರೂ ಕಂಬಗಳಿಗೆ ಭಕ್ತಿಯಿಂದ ಪ್ರದಕ್ಷಿಣೆ ಹಾಕಿಸಿ, ಪೈಲ್ವಾನರನ್ನು ನಾವೇ ಕೊಂದಿದ್ದೆವು. ಬೆರಳಿಟ್ಟು ತೋರಿಸಿದೆ. ಕಾಕಾ ನೋಡಿದ, ನನ್ನನ್ನು ನೋಡಿದ, ಆಯಿಯನ್ನು ನೋಡಿ ಬಿದ್ದು ಬಿದ್ದು ನಕ್ಕ. ಆಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಪರೀಕ್ಷಿಸಿದಳು.

“ನಾ ದೇವರ ದಾರದ ಮಾತು ಹೇಳಿದ್ದೆ. ಇದು ಸೊಲ್ಲಾಪುರದ ಸೊಸಿ. ಇದರ ರೀತಿ ಬ್ಯಾರೆ ಅದ,” ಎಂದಳು.

ಜೂನ್ ತಿಂಗಳ ಮೊದಲ ಮಳೆಗೆ ಮುಂಚೆ ಕಾಕಾ ಹೊರಟ. ಒಂದು ಹೆಗಲಿಗೆ ಗಿಟಾರು, ಇನ್ನೊಂದು ಕೈಯಲ್ಲಿ ಟ್ರಂಕು, ಕೊರಳಲ್ಲಿ ಹೊಸ ಶಿವದಾರ. ಯಂತ್ರ ಅವನ ಅಂಗಿಯ ಕಿಸೆಯಲ್ಲಿ ಉಬ್ಬಿಕೊಂಡಿತ್ತು. ಬಸ್ಸು ಹೋದ ಮೇಲೆ ಮನೆಗೆ ಬಂದು ನೋಡಿದರೆ ಮೂರನೆಯ ಗೂಟದಲ್ಲಿ ಅವ್ವ ಆಗಲೇ ನೀರಿನ ಚೀಲ ತೂಗುಹಾಕಿದ್ದಳು. ನನಗೆ ಅವ್ವನ ಮೇಲೆ ಸಿಟ್ಟು ಬಂತು. ಸೋಮವಾರದ ಹಾಡಿನಲ್ಲಿ ಅಪ್ಪನ ತಪ್ಪಿದ ಶ್ರುತಿ ಮೊದಲಿಗಿಂತ ಹೆಚ್ಚು ಕೇಳಿಸಿತು. ಹಾಡು ಮುಗಿದ ಮೇಲೆ ಆಯಿ ಮೂಲೆಯ ಕಡೆ ತಿರುಗಿ ಬಾಯಿ ತೆರೆದು, ಅಲ್ಲಿ ಯಾರೂ ಇಲ್ಲವೆಂದು ನೆನಪಾಗಿ ಮುಚ್ಚಿಕೊಂಡಳು. ದಿನಗಳೆದಂತೆ ನನ್ನ ಬೆರಳಿನ ಬದಿ ಮೆತ್ತಗಾಗುತ್ತ ಬಂತು. ಶಾಲೆಯಲ್ಲಿ ತೋರಿಸಲು ನನ್ನಲ್ಲಿ ಏನೂ ಉಳಿಯಲಿಲ್ಲ.

ಕಾಕಾ ಮತ್ತೆ ಬಂದದ್ದು ನಾಗರ ಪಂಚಮಿಗೆ. ಮನೆಯಲ್ಲಿ ಜೋಳದ ಅಳ್ಳು ಹುರಿದ ವಾಸನೆ, ಶೇಂಗಾದ ಉಂಡಿ ಕಟ್ಟುವ ಗಡಿಬಿಡಿ. ಅವನು ಕೈಕಾಲು ತೊಳೆದು, ಉಂಡಿ ಬಾಯಿಗೆ ಹಾಕಿಕೊಂಡು, ಗೌಸಿನಿಂದ ಗಿಟಾರು ತೆಗೆದ. ಒಂದು ದಪ್ಪ ತಂತಿ ಇರಲಿಲ್ಲ.

“ಬಸ್ಸಿನಾಗ ಹರೀತು,” ಎಂದ. “ಸಂಜಿಕ ಹಾಡೋದದ. ನೀಲಾ, ಜರಾ ಕಿವಿ ತಿರುವಿ ಕೊಡು ಬಾ.”

“ಯಂತ್ರ ಎಲ್ಲದ ಕಾಕಾ?”

“ಜೇವರ್ಗ್ಯಾಗೇ ಬಿಟ್ಟು ಬಂದೇನಿ. ಮರತೆ. ಹೊಸಾ ತಾರು ಟ್ರಂಕಿನಾಗ ಅದ, ತಗೊಂಡು ಬಾ.”

ನಾನು ಒಳಗೆ ಹೋಗಿ ಟ್ರಂಕು ತೆರೆದೆ. ತಂತಿಯ ಪೊಟ್ಟಣ ಮೇಲೆಯೇ ಇತ್ತು. ಅದನ್ನು ಎತ್ತಿದಾಗ ಧೋತರದ ಮಡಿಕೆಯ ನಡುವೆ ಕೆಂಪಗೆ ಏನೋ ಕಂಡಿತು. ನನ್ನ ಬುಗುರಿ. ಅಂಗೈ ತಾಗುವ ಕಡೆ ಬಣ್ಣ ಪೂರ್ತಿ ಹೋಗಿ ಒಳಗಿನ ಕಟ್ಟಿಗೆ ಕಾಣುತ್ತಿತ್ತು. ಅದು ಬಹಳ ಸಲ ತಿರುಗಿತ್ತು. ನಾನು ಅದನ್ನು ಕೈಗೆ ತಗೊಂಡು ಒಂದು ಸಲ ಗಿರ್ರನೆ ತಿರುಗಿಸಿದೆ. ಆಮೇಲೆ ಧೋತರದ ಕೆಳಗೆ, ಅದರ ಕೆಳಗಿನ ಅಂಗಿಗಳಿಗೂ ಕೆಳಗೆ, ಟ್ರಂಕಿನ ತಳ ಕೈಗೆ ಸಿಗುವವರೆಗೆ ಅದನ್ನು ಇಳಿಸಿ ಬಟ್ಟೆ ಸರಿಮಾಡಿ ಮುಚ್ಚಳ ಹಾಕಿದೆ.

ಪಡಸಾಲೆಗೆ ಬಂದು ಅವನ ಎದುರಿಗೆ ಕಾಲು ಮಡಚಿ ಕೂತೆ.

“ಜಗ್ಗಿ ಹಿಡಿ ಕಾಕಾ,” ಎಂದೆ. “ಎಡಕ್ಕ ತಿರುವ್ತೇನಿ.”